ಕಾಯಿಲೆ ರಾಸಿನ ಶುಶ್ರೂಷೆ: ಡಾಕ್ಟರು ಬರುವ ಮುಂಚೆ, ಹೋದ ಮೇಲೆ

(ಸಂಘಗಳ ಸದಸ್ಯರಿಗಾಗಿ ನಡೆದ ಒಂದು ದಿನದ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ತಾವೆಲ್ಲ ಬೆಳಗಿನ ಹಾಲು ಅಳೆದು ಬಂದಿದ್ದೀರಿ. ಸಂಜೆ ಹಾಲಿನ ಹೊತ್ತಿಗೆ ತಮ್ಮನ್ನು ಬಿಡಬೇಕು. ಆದ್ದರಿಂದ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇನೆ.

ಮನುಷ್ಯರ ಆಸ್ಪತ್ರೆಯನ್ನು ತಾವು ನೋಡಿದ್ದೀರಿ. ಡಾಕ್ಟರು ಬೆಳಿಗ್ಗೆ ಒಂದು ಸುತ್ತು ಬಂದು ಹೋಗುತ್ತಾರೆ. ಆಮೇಲೆ ಜ್ವರ ನೋಡುವವರು, ನಾಡಿ ಎಣಿಸುವವರು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವರು, ರಾತ್ರಿ ಹೆಚ್ಚುಕಡಿಮೆಯಾದರೆ ಡಾಕ್ಟರಿಗೆ ಹೇಳಿಕಳಿಸುವವರು ಯಾರು? ನರ್ಸಮ್ಮ. ಮಂಚದ ಕಾಲಿಗೆ ತೂಗುಹಾಕಿದ ಹಾಳೆಯಲ್ಲಿ ಎಲ್ಲವನ್ನೂ ಬರೆದಿಡುವವರೂ ಅವರೇ. ಡಾಕ್ಟರ ಅರ್ಧ ಕೆಲಸ ಆ ಹಾಳೆಯಿಂದಲೇ ಆಗುತ್ತದೆ.

ನಿಮ್ಮ ಕೊಟ್ಟಿಗೆಯಲ್ಲಿ ನರ್ಸಮ್ಮ ಯಾರು? ನಾನು ನಿಮ್ಮ ಕೊಟ್ಟಿಗೆಯಲ್ಲಿ ಇರುವುದು ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆ. ದಿನದ ಉಳಿದ ಇಪ್ಪತ್ತಮೂರೂವರೆ ಗಂಟೆ ರಾಸು ಇರುವುದು ನಿಮ್ಮ ಕೈಯಲ್ಲಿ. ಅದು ಬದುಕುವುದೂ ಸಾಯುವುದೂ ಎಷ್ಟೋ ಸಲ ಆ ಇಪ್ಪತ್ತಮೂರೂವರೆ ಗಂಟೆಯಲ್ಲಿ ನಿರ್ಧಾರವಾಗುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನನ್ನಿಂದಲೇ ಆದ ಒಂದು ತಪ್ಪಿನಿಂದ ಕಲಿತೆ. ಅದನ್ನು ಮೊದಲು ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ಹಳ್ಳಿಯಲ್ಲಿ ಒಬ್ಬ ತಾಯಿ, ಗಂಡ ತೀರಿಕೊಂಡಿದ್ದರು, ಮನೆಗೆ ಒಂದೇ ಹಸು. ಸಾಲ ತೆಗೆದು ಕೊಂಡ ಮಿಶ್ರತಳಿ ಹಸು, ಮೂರನೆಯ ಕರು ಹಾಕಿ ಎರಡನೆಯ ದಿನಕ್ಕೆ ನೆಲ ಹಿಡಿಯಿತು. ಕತ್ತು ಪಕ್ಕೆಗೆ ತಿರುಗಿಸಿ ಮಲಗಿದೆ, ಕಿವಿ ತಣ್ಣಗೆ. ಹಾಲು ಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಈ ಕಾಯಿಲೆಯಲ್ಲಿ ಮೈ ಬಿಸಿ ಇರುವುದಿಲ್ಲ, ರಕ್ತದಲ್ಲಿ ಸುಣ್ಣದ ಅಂಶ ಇಳಿದು ಮೈ ತಣ್ಣಗಾಗುತ್ತದೆ. ನಾನು ಕುತ್ತಿಗೆಯ ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟೆ. ಅರ್ಧ ಗಂಟೆಯಲ್ಲಿ ಹಸು ಎದ್ದು ನಿಂತಿತು. ಸುತ್ತ ನಿಂತವರೆಲ್ಲ ಕೈಮುಗಿದರು. ನನಗೂ ಹೆಮ್ಮೆಯಾಯಿತು. ಕಾಫಿ ಕುಡಿದು, ಚೀಟಿಯಲ್ಲಿ ಒಂದು ಪುಡಿ ಬರೆದು, "ಬೆಲ್ಲದ ನೀರಿನಲ್ಲಿ ಕಲಸಿ ದಿನಕ್ಕೆ ಎರಡು ಸಲ ಕುಡಿಸಿ" ಎಂದು ಹೇಳಿ ಬೈಕು ಹತ್ತಿದೆ. ಹೇಗೆ ಕುಡಿಸಬೇಕು ಎಂದು ತೋರಿಸಲಿಲ್ಲ.

ಅವರ ಮಗ, ಪಕ್ಕದ ಮನೆಯವರು ಸೇರಿ ಹಸುವಿನ ತಲೆಯನ್ನು ತೊಲೆಗೆ ಎತ್ತಿ ಕಟ್ಟಿದರು. ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದು ಗೊಟ್ಟದಲ್ಲಿ ಸುರಿದರು. ಹಸು ಕೆಮ್ಮಿತು. ಔಷಧಿ ಖಾರವಿರಬೇಕು ಎಂದುಕೊಂಡರು. ನಾಲ್ಕನೆಯ ದಿನ ನನ್ನನ್ನು ಕರೆಸಿದಾಗ 105 ಡಿಗ್ರಿ ಜ್ವರ, ಏದುಸಿರು, ಮೂಗಿನಲ್ಲಿ ಕೆಟ್ಟ ವಾಸನೆ. ಔಷಧಿ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದಿತ್ತು. ಆರನೆಯ ದಿನ ಹಸು ಸತ್ತಿತು. ಆ ತಾಯಿ ನನ್ನನ್ನು ಬೈಯಲಿಲ್ಲ. "ಡಾಕ್ಟ್ರೇ, ನೀವು ಬರೆದುಕೊಟ್ಟಿದ್ದನ್ನ ಒಂದು ತೊಟ್ಟೂ ಚೆಲ್ಲದಂಗೆ ಕುಡಿಸಿದ್ವಿ" ಅಂದರು. ಹಸು ಹೋಯಿತು, ಸಾಲ ಉಳಿಯಿತು.

ಅಂದಿನಿಂದ ನಾನು ಚೀಟಿ ಬರೆದುಕೊಟ್ಟರೆ ಕೆಲಸ ಮುಗಿಯಿತು ಎಂದು ತಿಳಿಯುವುದಿಲ್ಲ. ಆ ಕಾರಣಕ್ಕೇ ಇವತ್ತು ಮೂರು ಮಾತು ಹೇಳಲು ಬಂದಿದ್ದೇನೆ: ರಾಸನ್ನು ನೋಡುವುದು ಹೇಗೆ, ಔಷಧಿ ಕೊಡುವುದು ಹೇಗೆ, ಖರ್ಚು ಹಿಡಿಯುವುದು ಹೇಗೆ.

ರಾಸನ್ನು ನೋಡುವುದು

ಕಾಯಿಲೆ ಗೊತ್ತಾಗಬೇಕಾದರೆ ಆರೋಗ್ಯ ಗೊತ್ತಿರಬೇಕು. ಮೊದಲು ದೂರ ನಿಂತು ನೋಡಿ, ಆಮೇಲೆ ಮುಟ್ಟಿ. ಕಿವಿ ಆಡಿಸುತ್ತಿದೆಯೇ? ಮೂಗಿನ ತುದಿಯಲ್ಲಿ ಹನಿ ಇದೆಯೇ? ಹಿಂಡಿ ಇಟ್ಟರೆ ಎದ್ದು ಬರುತ್ತದೆಯೇ? ಮಲಗಿದ್ದಾಗ ಮೆಲುಕು ಹಾಕುತ್ತಿದೆಯೇ? ಸೆಗಣಿ ಗಟ್ಟಿಯೋ, ನೀರೋ, ರಕ್ತ ಅಥವಾ ಲೋಳೆ ಇದೆಯೋ? ಗಂಜಲದ ಬಣ್ಣ ಕಾಫಿಯಂತಿದೆಯೋ? ನೆನ್ನೆಗಿಂತ ಹಾಲು ಎಷ್ಟು ಕಡಿಮೆ? ಕಾಯಿಲೆಯ ಮೊದಲ ಸುದ್ದಿ ಬಹಳ ಸಲ ಬರುವುದು ಹಾಲಿನ ಕ್ಯಾನಿನಿಂದಲೇ.

ಇನ್ನು ಅಳತೆಗಳು. ನಾಲ್ಕೇ ನಾಲ್ಕು.

ಒಂದು, ಮೈ ಶಾಖ. ಕಿವಿ ಮುಟ್ಟಿ, ಬೆನ್ನು ಮುಟ್ಟಿ "ಜ್ವರ ಇದೆ" ಎನ್ನುವುದು ಬರಿ ಊಹೆ. ಔಷಧಿ ಅಂಗಡಿಯಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಸಾಕು, ಮನುಷ್ಯರದು ಬೇರೆ, ರಾಸಿನದು ಬೇರೆ ಇಟ್ಟುಕೊಳ್ಳಿ. ತುದಿಗೆ ಸ್ವಲ್ಪ ಎಣ್ಣೆ ಸವರಿ, ಹಿಂದಿನಿಂದ ಗುದದ್ವಾರದೊಳಗೆ ಇಟ್ಟು, ಓರೆ ಮಾಡಿ ಒಳಗೋಡೆಗೆ ತಾಗಿಸಿ. ಸೆಗಣಿಯೊಳಗೆ ಚುಚ್ಚಿದರೆ ಅದು ತೋರಿಸುವುದು ಸೆಗಣಿಯ ಶಾಖವನ್ನು. ಬೀಪ್ ಎನ್ನುವವರೆಗೆ ಕೈ ಬಿಡಬೇಡಿ, ಹಿಂಬದಿಗೆ ಒಂದು ದಾರ ಕಟ್ಟಿಡಿ. ಆರೋಗ್ಯವಂತ ಹಸುವಿನದು ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಎಮ್ಮೆಯದು ಸ್ವಲ್ಪ ಕಡಿಮೆ, ಕರುವಿನದು ಸ್ವಲ್ಪ ಹೆಚ್ಚು. ಬಿಸಿಲಲ್ಲಿ ನಿಂತ ರಾಸಿನದು ಏರಿರುತ್ತದೆ, ನೆರಳಿಗೆ ಕಟ್ಟಿ ಒಂದು ಗಂಟೆ ಬಿಟ್ಟು ನೋಡಿ. 103 ದಾಟಿದರೆ ಡಾಕ್ಟರಿಗೆ ತಿಳಿಸಿ. 100ಕ್ಕಿಂತ ಕೆಳಗಿಳಿದರೆ ಅದಕ್ಕಿಂತ ಬೇಗ ತಿಳಿಸಿ.

ಎರಡು, ಉಸಿರು. ಪಕ್ಕದಲ್ಲಿ ನಿಂತು ಪಕ್ಕೆ ಏರಿಳಿಯುವುದನ್ನು ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿ. ತಂಪು ಹೊತ್ತಿನಲ್ಲಿ ಸುಮ್ಮನೆ ನಿಂತ ಹಸು ನಿಮಿಷಕ್ಕೆ ಸುಮಾರು 15ರಿಂದ 30 ಸಲ ಉಸಿರಾಡುತ್ತದೆ.

ಮೂರು, ನಾಡಿ. ಬಾಲದ ಬುಡದಿಂದ ಒಂದು ಗೇಣು ಕೆಳಗೆ, ಒಳಬದಿಯ ನಡುವೆ ಎರಡು ಬೆರಳಿಟ್ಟರೆ ಸಿಗುತ್ತದೆ. ದೊಡ್ಡ ಹಸುವಿಗೆ ನಿಮಿಷಕ್ಕೆ ಸುಮಾರು 50ರಿಂದ 80.

ನಾಲ್ಕು, ಹೊಟ್ಟೆಯ ಆಟ. ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದಿನ ತಗ್ಗಿನಲ್ಲಿ ಮುಷ್ಟಿ ಒತ್ತಿ ಎರಡು ನಿಮಿಷ ಹಿಡಿಯಿರಿ. ಎರಡು ಮೂರು ಸಲ ಒಳಗಿನಿಂದ ಮುಷ್ಟಿಯನ್ನು ಎತ್ತಿದಂತಾಗಬೇಕು. ಆಗದಿದ್ದರೆ ಹೊಟ್ಟೆ ಕೆಲಸ ಮಾಡುತ್ತಿಲ್ಲ.

ಈ ನಾಲ್ಕನ್ನೂ ಒಂದು ಹಳೆ ನೋಟು ಪುಸ್ತಕದಲ್ಲಿ ದಿನಾಂಕ, ಹೊತ್ತು ಹಾಕಿ ಬರೆಯಿರಿ. "ಹಸು ಒಂಥರಾ ಇದೆ, ಬೇಗ ಬನ್ನಿ" ಎಂದು ಫೋನು ಬಂದರೆ ನಾನು ಯಾವ ಔಷಧಿ ತರಬೇಕು? "ಕರು ಹಾಕಿ ಎರಡು ದಿನ, ಶಾಖ 99, ಎದ್ದೇಳ್ತಿಲ್ಲ" ಎಂದರೆ ಕ್ಯಾಲ್ಸಿಯಂ ಬಾಟಲಿ ಚೀಲದಲ್ಲಿಟ್ಟುಕೊಂಡೇ ಹೊರಡುತ್ತೇನೆ. ಒಂದು ಸಲದ ಓಡಾಟ, ಎರಡು ಗಂಟೆ ಹೊತ್ತು ಉಳಿಯಿತು.

ಈ ಕೆಳಗಿನವುಗಳಿಗೆ ಬೆಳಗಾಗಲಿ ಎಂದು ಕಾಯಬೇಡಿ: ಕರು ಹಾಕಿದ ರಾಸು ನೆಲ ಹಿಡಿದಿರುವುದು, ಎಡಹೊಟ್ಟೆ ತಮಟೆಯಂತೆ ಉಬ್ಬಿರುವುದು, ನೀರುಚೀಲ ಒಡೆದು ಎರಡು ಗಂಟೆಯಾದರೂ ಕರು ಬಾರದಿರುವುದು, ಕೆಚ್ಚಲು ಏಕಾಏಕಿ ಊದಿ ಹಾಲಿನ ಬದಲು ನೀರು, ರಕ್ತ ಬರುವುದು. ಕರು ಹಾಕಿ 12 ಗಂಟೆಯಾದರೂ ಮಾಸು ಬೀಳದಿದ್ದರೆ ತಿಳಿಸಿ. ಅದನ್ನು ಎಳೆಯುವುದು, ಭಾರಕ್ಕೆ ಕಲ್ಲು ಕಟ್ಟುವುದು ಬೇಡ. ಮಾಸನ್ನು ಬರಿಗೈಯಲ್ಲಿ ಮುಟ್ಟಲೂ ಬೇಡಿ. ಗಬ್ಬ ಕಳೆದುಕೊಳ್ಳುವಂತೆ ಮಾಡುವ ಬ್ರುಸೆಲ್ಲೋಸಿಸ್ ರೋಗ ಅದರಿಂದ ಮನುಷ್ಯರಿಗೂ ಅಂಟುತ್ತದೆ. ಇನ್ನೊಂದು ಎಚ್ಚರಿಕೆ: ಜೊಲ್ಲು ಸುರಿಸುತ್ತ, ನುಂಗಲಾಗದೆ, ವಿಚಿತ್ರ ದನಿಯಲ್ಲಿ ಕೂಗುವ ರಾಸಿನ ಬಾಯಿಗೆ "ಗಂಟಲಲ್ಲಿ ಏನೋ ಸಿಕ್ಕಿದೆ" ಎಂದು ಕೈ ಹಾಕಬೇಡಿ. ಅದು ಹುಚ್ಚುನಾಯಿ ರೋಗವಿರಬಹುದು.

ರಾಸು ಎದ್ದೇಳದಿದ್ದರೆ ಡಾಕ್ಟರು ಬರುವವರೆಗೆ ನಿಮ್ಮ ಕೆಲಸ ಇದು. ಪಕ್ಕಕ್ಕೆ ಚಾಚಿ ಮಲಗಲು ಬಿಡದೆ ಎದೆಯ ಮೇಲೆ ಕೂರುವಂತೆ ಮಾಡಿ, ಎರಡೂ ಪಕ್ಕಕ್ಕೆ ಹುಲ್ಲಿನ ಕಂತೆ ಅಥವಾ ಮಣ್ಣಿನ ಮೂಟೆ ಒತ್ತುಕೊಡಿ. ಕೆಳಗೆ ದಪ್ಪಗೆ ಹುಲ್ಲು ಹಾಸಿ. ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲವಾದರೆ ಕೆಳಗಿನ ಕಾಲು ಜೋಮು ಹಿಡಿದು ಕಾಯಿಲೆ ವಾಸಿಯಾದರೂ ಏಳಲಾಗುವುದಿಲ್ಲ. ಬಾಯಿಗೆ ಏನನ್ನೂ ಸುರಿಯಬೇಡಿ.

ಔಷಧಿ ಕೊಡುವುದು

ಡಾಕ್ಟರು ಚೀಟಿ ಬರೆದಾಗ ನಾಲ್ಕು ಪ್ರಶ್ನೆ ಕೇಳದೆ ಅವರನ್ನು ಬಿಡಬೇಡಿ. ಇದು ಯಾತಕ್ಕೆ? ಎಷ್ಟು, ಯಾವ ಹೊತ್ತಿಗೆ, ಹೇಗೆ ಕೊಡಬೇಕು? ಎಷ್ಟು ದಿನ? ಹಾಲನ್ನು ಯಾವ ದಿನದಿಂದ ಡೈರಿಗೆ ಹಾಕಬಹುದು? ಉತ್ತರ ಕೇಳಿದ ಮೇಲೆ ಅವರಿಗೆ ಒಪ್ಪಿಸಿ ತೋರಿಸಿ. ಡಾಕ್ಟರು ಬೇಸರಪಡುತ್ತಾರೆ ಎಂಬ ಸಂಕೋಚ ಬೇಡ. ಆ ತಾಯಿ ನನ್ನನ್ನು "ಹೇಗೆ ಕುಡಿಸಲಿ?" ಎಂದು ಕೇಳಿದ್ದರೆ, ಅಥವಾ ನಾನೇ ತೋರಿಸಿದ್ದರೆ, ಅವರ ಹಸು ಉಳಿಯುತ್ತಿತ್ತು.

ಕುಡಿಸುವ ಕ್ರಮ ಹೇಳುತ್ತೇನೆ. ರಾಸು ನಿಂತಿರಬೇಕು, ನುಂಗುವ ಶಕ್ತಿ ಇರಬೇಕು. ಮೂತಿಯನ್ನು ಬೆನ್ನಿನ ಮಟ್ಟಕ್ಕಿಂತ ಮೇಲೆ ಎತ್ತಬಾರದು. ನಾಲಿಗೆ ಹಿಡಿದೆಳೆಯಬಾರದು, ನಾಲಿಗೆ ಆಡದಿದ್ದರೆ ನುಂಗಲಾಗದು. ಗೊಟ್ಟವನ್ನೋ ಬಾಟಲಿಯನ್ನೋ ಬಾಯಿಯ ಪಕ್ಕದ ಹಲ್ಲಿಲ್ಲದ ಜಾಗದಲ್ಲಿಟ್ಟು ಒಂದೊಂದು ಗುಟುಕು ಬಿಡಿ, ನುಂಗಿದ ಮೇಲೆ ಇನ್ನೊಂದು ಗುಟುಕು. ಕೆಮ್ಮಿದ ಕೂಡಲೇ ತಲೆಯನ್ನು ಬಿಟ್ಟುಬಿಡಿ. ಔಷಧಿ ಚೆಲ್ಲಿದರೆ ಚೆಲ್ಲಲಿ. ಪುಡಿಯಾದರೆ ಬೆಲ್ಲದ ಉಂಡೆಯಲ್ಲಿ, ರಾಗಿ ಮುದ್ದೆಯಲ್ಲಿ, ಹಿಂಡಿಯಲ್ಲಿ ಕಲಸಿ ತಿನ್ನಿಸಬಹುದೇ ಎಂದು ಕೇಳಿ. ಬಹಳ ಔಷಧಿಗಳಿಗೆ ಅದೇ ಸುರಕ್ಷಿತ.

ಆಂಟಿಬಯಾಟಿಕ್ ಐದು ದಿನ ಎಂದು ಬರೆದಿದ್ದರೆ ಐದು ದಿನ ಕೊಡಿಸಿ. ಎರಡನೆಯ ದಿನ ಮೇವು ತಿಂದಿತೆಂದು ನಿಲ್ಲಿಸಿದರೆ ಸಾಯದೆ ಉಳಿದ ಕ್ರಿಮಿ ಔಷಧಿಗೆ ಬಗ್ಗದಂತಾಗುತ್ತದೆ. ಉಳಿದ ಅರ್ಧ ಬಾಟಲಿಯನ್ನು ಮುಂದಿನ ಕಾಯಿಲೆಗೆ, ಪಕ್ಕದ ಮನೆಯ ಎಮ್ಮೆಗೆ ಕೊಡುವುದೂ ತಪ್ಪು. ಮನುಷ್ಯರ ಔಷಧಿಯನ್ನು ನಾವೇ ಅಂದಾಜು ಮಾಡಿ ಕೊಡುವುದಂತೂ ಬೇಡ. ಒಂದು ಉದಾಹರಣೆ ಹೇಳುತ್ತೇನೆ. ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯನ್ನು ಜಾನುವಾರುಗಳಿಗೆ ಬಳಸುವುದನ್ನು 2006ರಲ್ಲಿ ಸರ್ಕಾರ ನಿಷೇಧಿಸಿತು. ಆ ಔಷಧಿ ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ನಮ್ಮ ರಾಜ್ಯದಲ್ಲಿ ಉಳಿದ ಕೆಲವೇ ಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಬೇಕಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಔಷಧಿಗಳಿಗೂ ನಿಷೇಧ ಬಂತು. ಅದೇ ಕೆಲಸಕ್ಕೆ ಮೆಲಾಕ್ಸಿಕಾಂ ಇದೆ. ಅಂಗಡಿಯವರು ಕೊಟ್ಟದ್ದನ್ನು ತರಬೇಡಿ, ಚೀಟಿಯಲ್ಲಿ ಬರೆದದ್ದನ್ನು ತನ್ನಿ.

ಕೆಚ್ಚಲು ಬಾವಿಗೆ ಮೊಲೆಯೊಳಗೆ ಏರಿಸುವ ಟ್ಯೂಬನ್ನು ತಾವೇ ಹಾಕುವುದಾದರೆ ಕೈ ತೊಳೆದು, ಹಾಲನ್ನು ಪೂರ್ತಿ ಕರೆದು, ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಹಾಕಿ. ಕೊಳಕು ಕೈಯಲ್ಲಿ ಹಾಕಿದರೆ ಔಷಧಿಯ ಜೊತೆಗೆ ಹೊಸ ಕ್ರಿಮಿಯನ್ನೂ ಏರಿಸಿದಂತೆ. ಬಾವಿನ ಆರಂಭದಲ್ಲೇ ಮೇಲೆ ಹಚ್ಚಲು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಪ್ರಚಾರ ಮಾಡುತ್ತಿರುವ ಒಂದು ಮನೆಮದ್ದಿದೆ: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ತಿನ್ನುವ ಸುಣ್ಣ 15 ಗ್ರಾಂ. ರುಬ್ಬಿದರೆ ಕೆಂಪಗಾಗುತ್ತದೆ. ಕೆಚ್ಚಲು ತೊಳೆದು, ಹಾಲು ಕರೆದು, ಒಂದು ಹಿಡಿ ಮಿಶ್ರಣವನ್ನು ನೀರಿನಲ್ಲಿ ತೆಳುವಾಗಿ ಕಲಸಿ ಇಡೀ ಕೆಚ್ಚಲಿಗೆ ಹಚ್ಚಿ. ದಿನಕ್ಕೆ ಹತ್ತು ಸಲದಂತೆ ಐದು ದಿನ. ದಿನವೂ ಹೊಸದಾಗಿ ರುಬ್ಬಿ. ಆದರೆ ಜ್ವರವಿದ್ದು ಮೇವು ಬಿಟ್ಟಿದ್ದರೆ ಇದನ್ನೇ ನಂಬಿ ಕೂರಬಾರದು, ಡಾಕ್ಟರನ್ನು ಕರೆಸಿ.

ಇನ್ನು ಹಾಲಿನ ಮಾತು. ಔಷಧಿ ಕೊಟ್ಟ ರಾಸಿನ ಹಾಲಿನಲ್ಲಿ ಔಷಧಿಯ ಅಂಶ ಕೆಲವು ದಿನ ಇರುತ್ತದೆ. ಅಷ್ಟು ದಿನ ಹಾಲು ಹಾಕಬಾರದು. ಎಷ್ಟು ದಿನ ಎಂಬುದನ್ನು ಔಷಧಿಯ ಲೇಬಲ್ಲಿನಲ್ಲಿ ಅಚ್ಚು ಮಾಡಿರುತ್ತಾರೆ, ಡಾಕ್ಟರೂ ಹೇಳುತ್ತಾರೆ. ಕಾಯಿಸಿದರೆ ಅದು ಪೂರ್ತಿ ಹೋಗುವುದಿಲ್ಲ. ಅಂಥ ಹಾಲು ಸೇರಿದರೆ ಮೊಸರು ಸರಿಯಾಗಿ ಹೆಪ್ಪಾಗುವುದಿಲ್ಲ. ಒಬ್ಬರ ಒಂದು ಕ್ಯಾನಿನಿಂದ ಇಡೀ ಊರಿನ ಹಾಲು ಕೆಡಬಹುದು. ಆ ಹಾಲು ಕುಡಿಯುವ ಮಗು ಯಾರದೋ ಅಲ್ಲ, ನಮ್ಮ ನಿಮ್ಮದೇ ಆಗಿರಬಹುದು. ನಷ್ಟವಾಗುತ್ತದೆ, ಒಪ್ಪುತ್ತೇನೆ. ಆ ನಷ್ಟದ ಲೆಕ್ಕಕ್ಕೇ ಈಗ ಬರುತ್ತೇನೆ.

ಖರ್ಚು ಹಿಡಿಯುವುದು

ಕೆಚ್ಚಲು ಬಾವನ್ನೇ ತೆಗೆದುಕೊಳ್ಳೋಣ. ದಿನಕ್ಕೆ 10 ಲೀಟರಿನ ಹಸು, ಲೀಟರಿಗೆ 35 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯಿರಿ. ಐದು ದಿನ ಚಿಕಿತ್ಸೆ, ಆಮೇಲೆ ಮೂರು ದಿನ ಹಾಲು ಹಾಕುವಂತಿಲ್ಲ ಎಂದಿಟ್ಟುಕೊಳ್ಳಿ. ಎಂಟು ದಿನಕ್ಕೆ 80 ಲೀಟರು, 2,800 ರೂಪಾಯಿ. ಇದಕ್ಕೆ ಔಷಧಿಯ ಬಿಲ್ಲು ಸೇರಿಸಿ. ದೊಡ್ಡ ಪೆಟ್ಟು ಇದಲ್ಲ. ತಡ ಮಾಡಿ ಒಂದು ಮೊಲೆ ಬತ್ತಿಹೋಗಿ ದಿನಕ್ಕೆ ಎರಡು ಲೀಟರು ಕಡಿಮೆಯಾಯಿತು ಎನ್ನಿ. ಇನ್ನು 200 ದಿನ ಹಾಲು ಕೊಡಬೇಕಾದ ಹಸುವಿನಲ್ಲಿ ಅದು 400 ಲೀಟರು, 14,000 ರೂಪಾಯಿ. ಮುಂದಿನ ಸೂಲಿಗೂ ಆ ಮೊಲೆ ಇಲ್ಲ, ಮಾರಲು ಹೋದರೆ ಅರ್ಧ ಬೆಲೆ.

ಇದನ್ನು ಮೊದಲ ದಿನವೇ ಹಿಡಿಯುವ ಉಪಾಯಕ್ಕೆ ಕಾಸು ಖರ್ಚಿಲ್ಲ. ಪ್ರತಿ ಮೊಲೆಯ ಮೊದಲ ಎರಡು ಮೂರು ಸೆಳೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಕರೆದು ನೋಡಿ. ಬಿಳಿ ಚೂರು, ಹಿಪ್ಪೆ ಕಂಡರೆ ಬಾವು ಶುರುವಾಗಿದೆ. ಕರೆದ ಮೇಲೆ ಮೊಲೆಗಳನ್ನು ಔಷಧಿ ದ್ರಾವಣದಲ್ಲಿ ಅದ್ದಿ, ರಾಸು ಅರ್ಧ ಗಂಟೆ ಮಲಗದಂತೆ ಮುಂದೆ ಮೇವು ಹಾಕಿ. ಮೊಲೆಯ ತೂತು ಮುಚ್ಚಿಕೊಳ್ಳುವವರೆಗೆ ಸೆಗಣಿ ನೆಲ ತಾಗಬಾರದು.

ಥರ್ಮಾಮೀಟರಿಗೆ ಕೆಲವು ಲೀಟರು ಹಾಲಿನ ಬೆಲೆ. ಕಾಲುಬಾಯಿ ಜ್ವರದ ಲಸಿಕೆಯನ್ನು ಉಚಿತವಾಗಿ ಮನೆ ಬಾಗಿಲಿಗೇ ತರುತ್ತಾರೆ. ಹಾಲು ಕಡಿಮೆಯಾಗುತ್ತದೆಂದು ರಾಸನ್ನು ಹೊಲಕ್ಕೆ ಹೊಡೆದುಕೊಂಡು ಹೋಗುವವರು ನಮ್ಮಲ್ಲಿ ಈಗಲೂ ಇದ್ದಾರೆ. ಲಸಿಕೆ ಹಾಕಿಸಿದರೆ ಹಾಲು ಇಳಿಯುವುದು ಒಂದೆರಡು ದಿನ. ರೋಗ ಬಂದರೆ ಆ ಸೂಲೇ ಹೋಗುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲೋಸಿಸ್ ಲಸಿಕೆ ಒಂದೇ ಸಲ, ಮರೆಯಬೇಡಿ. ತುರ್ತಿಗೆ ಸರ್ಕಾರದ ಪಶು ಸಂಜೀವಿನಿ ವಾಹನವಿದೆ, ದೂರವಾಣಿ ಸಂಖ್ಯೆ 1962. ಇದನ್ನು ಕೊಟ್ಟಿಗೆಯ ಗೋಡೆಗೆ ಮಸಿಯಲ್ಲಿ ಬರೆದಿಡಿ.

ವಿಮೆ ಮಾಡಿಸಿದವರು ಕಿವಿಯೋಲೆ ಬಿದ್ದುಹೋದರೆ ಕೂಡಲೇ ತಿಳಿಸಿ ಹೊಸದು ಹಾಕಿಸಿ. ಚಿಕಿತ್ಸೆಯ ಚೀಟಿ, ಬಿಲ್ಲುಗಳನ್ನು ಆ ನೋಟು ಪುಸ್ತಕದಲ್ಲೇ ಇಟ್ಟುಕೊಳ್ಳಿ. ರಾಸು ಸತ್ತರೆ ಹೂಳುವ ಮೊದಲು ವಿಮೆಯವರಿಗೂ ಡಾಕ್ಟರಿಗೂ ತಿಳಿಸಿ. ಹೂತ ಮೇಲೆ ಓಡಿಬಂದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಬಂಧುಗಳೇ, ಮೊದಲು ಹೇಳಿದ ಆ ತಾಯಿಯ ವಿಷಯ ಇನ್ನೊಂದು ಮಾತು. ಎರಡು ವರ್ಷ ಅವರು ಡೈರಿಗೆ ಹಾಲು ಹಾಕಲಿಲ್ಲ. ಕೂಲಿ ಮಾಡಿ ಸಾಲ ತೀರಿಸಿ, ತವರಿನಿಂದ ಒಂದು ಕರು ತಂದು ಸಾಕಿದರು. ಅದು ಹಸುವಾಯಿತು. ಒಂದು ದಿನ ಬೆಳಗಿನ ಜಾವ ಅವರ ಮಗನ ಫೋನು: "ಅವ್ವ ಹೇಳು ಅಂದ್ಳು ಸಾರ್. ನೆನ್ನೆ ಸಂಜೆ 102, ಈಗ 104. ಮೆಲುಕು ಹಾಕ್ತಿಲ್ಲ. ಬಾಯಿಗೆ ಏನೂ ಹಾಕಿಲ್ಲ." ನಾನು ಹೋಗುವ ಹೊತ್ತಿಗೆ ಹಸುವನ್ನು ನೆರಳಿಗೆ ಕಟ್ಟಿ, ಮುಂದೆ ನೀರಿಟ್ಟು, ಚೀಟಿ ಹಿಡಿದು ನಿಂತಿದ್ದರು. ಥರ್ಮಾಮೀಟರು ಕಂಬದ ಮೊಳೆಗೆ ತೂಗುತ್ತಿತ್ತು. ಆ ಹಸು ಉಳಿಯಿತು. ನನ್ನ ಔಷಧಿ ಅರ್ಧ, ಅವರ ಶುಶ್ರೂಷೆ ಅರ್ಧ.

ತಮ್ಮಲ್ಲಿ ನನ್ನ ಪ್ರಾರ್ಥನೆ ಒಂದೇ. ಮುಂದಿನ ಬಟವಾಡೆಯಲ್ಲಿ ಮೊದಲು ಒಂದು ಥರ್ಮಾಮೀಟರ್ ಕೊಳ್ಳಿ. ಕಾಯಿಲೆ ಬರಲಿ ಎಂದು ಕಾಯದೆ, ಚೆನ್ನಾಗಿರುವ ರಾಸನ್ನೇ ಮೂರು ದಿನ ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ. ನಿಮ್ಮ ಹಸುವಿನ ಸರಿಯಾದ ಲೆಕ್ಕ ನಿಮ್ಮ ಪುಸ್ತಕದಲ್ಲಿರಲಿ. ಮುಂದಿನ ಸಲ ನಿಮ್ಮ ಊರಿಗೆ ಬಂದಾಗ ಆ ಪುಸ್ತಕವನ್ನು ಮೊದಲು ಕೇಳುತ್ತೇನೆ.